ಸಹಿ ಹಾಕದ ಅಧ್ಯಕ್ಷೆ

ಒತೀಲಿಯಾಳನ್ನು ಅಧ್ಯಕ್ಷೆ ಮಾಡಿದ್ದು ಅವಳು ಮಾತಾಡುವುದಿಲ್ಲ ಎಂಬ ಒಂದೇ ಕಾರಣಕ್ಕೆ.

ಶಾಲೆಯವರು ಹಾಗೆಂದು ಹೇಳಲಿಲ್ಲ. ಅವರು ಹೇಳಿದ್ದೇ ಬೇರೆ. ಇಂಗ್ಲಿಷ್ ಬಾರದ ಮಕ್ಕಳ ತಲೆ ಎಣಿಸಿ ಸರ್ಕಾರ ಶಾಲೆಗೆ ಬೇರೆಯಾಗಿ ದುಡ್ಡು ಕೊಡುತ್ತದೆ. ಆ ದುಡ್ಡು ಯಾವುದಕ್ಕೆ ಹೋಗಬೇಕೆಂದು ಹೇಳಲು ತಂದೆತಾಯಿಯರ ಸಮಿತಿ ಇರಬೇಕು. ಸಮಿತಿಗೊಬ್ಬ ಅಧ್ಯಕ್ಷೆ ಇರಬೇಕು. ಕಾನೂನು ಹಾಗಿದೆ. ಸಭೆ ಬುಧವಾರ ಮಧ್ಯಾಹ್ನ ಎರಡು ಗಂಟೆಗೆ. ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಆ ಊರಿನ ತಂದೆತಾಯಿಯರೆಲ್ಲ ಸ್ಟ್ರಾಬೆರಿ ಹೊಲದಲ್ಲಿ ಸೊಂಟ ಬಗ್ಗಿಸಿರುತ್ತಾರೆ. ಇದು ಶಾಲೆಗೆ ತಿಳಿಯದ್ದೇನಲ್ಲ. ಸಭೆ ನಡೆಯುವ ಗ್ರಂಥಾಲಯದ ಕಿಟಕಿಯಿಂದ ನೋಡಿದರೆ ಹೊಲ ಕಾಣುತ್ತದೆ, ಬಗ್ಗಿದ ಬೆನ್ನುಗಳೂ ಕಾಣುತ್ತವೆ.

ಮೊದಲ ಸಭೆಯ ದಿನ ಒತೀಲಿಯಾ ಹಲ್ಲುನೋವೆಂದು ಕೆಲಸಕ್ಕೆ ಹೋಗಿರಲಿಲ್ಲ. ಮಗಳು ಯಾರೆಲಿಯನ್ನು ಕರೆದುಕೊಂಡು ಹೋಗಲು ಬೇಗ ಬಂದು ಗೇಟಿನ ಹತ್ತಿರ ನಿಂತಿದ್ದಳು. ಕೆನ್ನೆ ಊದಿ ಬಾಯಿ ಬಿಡುವ ಹಾಗಿರಲಿಲ್ಲ. ಕಚೇರಿಯ ಗುಮಾಸ್ತೆ ಲಿಲ್ಯಾನಾ ಹೊರಗೆ ಬಂದು ಆಚೆ ಈಚೆ ನೋಡಿದಳು. ಬೇರೆ ಯಾರೂ ಇರಲಿಲ್ಲ.

"ಬಾ ವಹಾಕಿತಾ, ಒಳಗೆ ಬಾ. ಕಾಫಿ ಇದೆ," ಎಂದಳು.

ವಹಾಕಿತಾ ಎಂದರೆ ದಕ್ಷಿಣ ಮೆಕ್ಸಿಕೊದ ವಹಾಕಾ ಬೆಟ್ಟಗಳ ಕಡೆಯ ಗಿಡ್ಡಿ. ಲಿಲ್ಯಾನಾ ಕೂಡ ಮೆಕ್ಸಿಕೊದಿಂದ ಈ ದೇಶಕ್ಕೆ ಬಂದವಳೇ. ಆದರೆ ಉತ್ತರದವಳು, ಸ್ಪ್ಯಾನಿಷ್ ಆಡುವವಳು, ಒಂದು ಗೇಣು ಎತ್ತರ. ಆ ಒಂದು ಗೇಣನ್ನು ಅವಳು ಯಾವತ್ತೂ ಮರೆತವಳಲ್ಲ. ಒತೀಲಿಯಾಳದು ಮಿಸ್ತೆಕೊ ಮಾತು. ಅವರ ಮಂದಿ ಅದನ್ನು ಮಳೆಯ ಮಾತು ಎನ್ನುತ್ತಾರೆ. ಶಾಲೆಗೆ ಮಗಳನ್ನು ಸೇರಿಸುವಾಗ ಮನೆಯ ಭಾಷೆ ಯಾವುದೆಂಬ ಪ್ರಶ್ನೆಗೆ ಲಿಲ್ಯಾನಾಳೇ ಸ್ಪ್ಯಾನಿಷ್ ಎಂದು ಗೀಚಿದ್ದಳು. ಪಟ್ಟಿಯಲ್ಲಿ ಮಳೆ ಇರಲಿಲ್ಲ.

ಒಳಗೆ ಮೊಮ್ಮಗನಿಗೆ ಕಾಯುತ್ತ ತೂಕಡಿಸುತ್ತಿದ್ದ ಒಬ್ಬ ಮುದುಕ, ಒಂದು ಡಬ್ಬಿ ಡೋನಟ್, ಮುಖ್ಯೋಪಾಧ್ಯಾಯಿನಿ ಮಿಸೆಸ್ ವಿಟ್ಲಾಕ್. ಚುನಾವಣೆ ನಡೆಯಿತು. ಮುದುಕ ಕೈ ಎತ್ತಿದ. ಅವನು ಕೈ ಎತ್ತಿದ್ದು ಡೋನಟ್ಟಿಗೆ ಎಂದು ಒತೀಲಿಯಾಳಿಗೆ ಇವತ್ತಿಗೂ ಅನುಮಾನ. ಮಿಸೆಸ್ ವಿಟ್ಲಾಕ್ ಚಪ್ಪಾಳೆ ತಟ್ಟಿ ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದಳು. ಲಿಲ್ಯಾನಾ ಅದನ್ನು ಸ್ಪ್ಯಾನಿಷಿಗೆ ತಂದಳು: "ಎಲ್ಲ ಚೆನ್ನಾಗಿದೆಯಂತೆ. ಇಲ್ಲಿ ಸಹಿ ಹಾಕು."

ಒತೀಲಿಯಾ ಹಾಕಿದಳು. ಸಹಿ ಹಾಕುವುದನ್ನು ಅವಳು ಇಪ್ಪತ್ತಾರನೇ ವಯಸ್ಸಿನಲ್ಲಿ ಕಷ್ಟಪಟ್ಟು ಕಲಿತಿದ್ದಳು. ಕೊನೆಯ ಅಕ್ಷರಕ್ಕೊಂದು ಬಾಲ ಬಿಡುತ್ತಿದ್ದಳು. ಸಹಿ ನಿಜಕ್ಕೂ ಚೆಂದವಿತ್ತು. ಮಿಸೆಸ್ ವಿಟ್ಲಾಕ್ ಅದನ್ನು ಹೊಗಳಿದಳು.

ಸುದ್ದಿ ಹೊಲಕ್ಕೆ ಅವಳಿಗಿಂತ ಮೊದಲೇ ಹೋಗಿತ್ತು.

"ದಾರಿ ಬಿಡ್ರೇ, ಅಧ್ಯಕ್ಷರು ಬಂದ್ರು," ಎಂದಳು ಕ್ರಿಸಾಂತಾ. ಕ್ರಿಸಾಂತಾಳಿಗೆ ಅರವತ್ತು ದಾಟಿದೆ. ಪಕ್ಕದ ಸಾಲಿನವಳು, ಪಕ್ಕದ ಮನೆಯವಳು. ಹತ್ತು ಜನ ಕೀಳುವಷ್ಟನ್ನು ಕೈಯಲ್ಲಿ ಕಿತ್ತು, ಇಪ್ಪತ್ತು ಜನರಷ್ಟು ಮಾತು ಬಾಯಲ್ಲಿ ಆಡುವವಳು. "ಅಧ್ಯಕ್ಷರೇ, ಈ ವರ್ಷನಾದ್ರೂ ನಮ್ಮ ಸಾಲಿಗೆ ಒಂದು ಕಕ್ಕಸು ಹತ್ರ ತರಿಸ್ಕೊಡಿ. ಅಲ್ಲಿಗೆ ನಡೆಯೋದ್ರಲ್ಲಿ ಎರಡು ಪೆಟ್ಟಿಗೆ ತುಂಬೋ ಹೊತ್ತು ಹೋಗತ್ತೆ."

"ಅದು ಶಾಲೆ ಕಣಕ್ಕ."

"ಶಾಲೆಯೋರಿಗೆ ಬರಲ್ವಾ ಹಂಗಾದ್ರೆ?"

ಎಲ್ಲರೂ ನಕ್ಕರು. ನಗುತ್ತಲೇ ಕೈ ಓಡುತ್ತಿತ್ತು. ಸ್ಟ್ರಾಬೆರಿ ಗಿಡ ಮೊಣಕಾಲಿಗಿಂತ ಕೆಳಗೆ. ಕೂತರೆ ನಿಧಾನ, ನಿಂತರೆ ಕೈಗೆ ಸಿಗದು. ಸೊಂಟದಲ್ಲಿ ಎರಡಾಗಿ ಮಡಚಿಕೊಂಡೇ ನಡೆಯಬೇಕು. ಒಂದು ಕೈ ಎಲೆ ಸರಿಸಬೇಕು, ಒಂದು ಕೈ ಕೀಳಬೇಕು, ಹಿಂಡಬಾರದು. ಪೆಟ್ಟಿಗೆ ತುಂಬಿದ ಮೇಲೆ ಓಡಬೇಕು. ಲಾರಿಯ ಹತ್ತಿರ ಕೊಟ್ಟು ಮತ್ತೆ ಓಡಿ ಬರಬೇಕು. ಬೆಳಿಗ್ಗೆ ಕೆಸರು, ಮಧ್ಯಾಹ್ನ ಧೂಳು. ಮುಖಕ್ಕೆ ಕಟ್ಟಿದ ಬಟ್ಟೆಯ ಮೇಲೆ ಕಣ್ಣು ಮಾತ್ರ. ಸಂಜೆ ಬೆನ್ನು ನೆಟ್ಟಗಾಗಲು ಒಂದು ಗಂಟೆ ಬೇಕು. ಕ್ರಿಸಾಂತಾಳ ಬೆನ್ನು ನೆಟ್ಟಗಾಗುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ತಾನು ಜಗತ್ತನ್ನು ನೋಡುವುದೇ ಹೀಗೆ, ಜನರ ಬೂಟು ನೋಡಿ ಗುಣ ಹೇಳುತ್ತೇನೆ ಎನ್ನುತ್ತಿದ್ದಳು.

ಆ ವರ್ಷ ಒತೀಲಿಯಾ ಮೂರು ಸಭೆಗೆ ಹೋದಳು. ಪ್ರತಿ ಸಲ ಅರ್ಧ ದಿನದ ಕೂಲಿ ಹೋಯಿತು. ಪ್ರತಿ ಸಲ ಮೇಸ್ತ್ರಿ, ಅಧ್ಯಕ್ಷಗಿರಿ ಬೇಕೋ ಕೆಲಸ ಬೇಕೋ ಎಂದು ಕೇಳಿದ. ಪ್ರತಿ ಸಲ ಎಲ್ಲ ಚೆನ್ನಾಗಿತ್ತು, ಪ್ರತಿ ಸಲ ಇಲ್ಲಿ ಸಹಿ. ಶಾಲೆಯ ಮುಂದೆ ಹೊಸದೊಂದು ವಿದ್ಯುತ್ ಫಲಕ ಬಂತು. ಕೆಂಪು ಅಕ್ಷರಗಳು ಎಡಕ್ಕೆ ಓಡುತ್ತಿದ್ದವು, ಹಗಲೂ ಇರುಳೂ. ಏನು ಬರೆದಿದೆ ಎಂದು ಹೊಲದವರು ಯಾರೆಲಿಯನ್ನು ಕೇಳಿದರು. "ಸ್ವಾಗತ ಅಂತ," ಎಂದಳು ಅವಳು. "ಯಾರಿಗೆ?" ಎಂದಳು ಕ್ರಿಸಾಂತಾ. ಅದು ಬರೆದಿಲ್ಲ ಎಂದಳು ಹುಡುಗಿ.

ಯಾರೆಲಿಗೆ ಹನ್ನೊಂದು. ಆರನೇ ವಯಸ್ಸಿನಲ್ಲಿ ಬಂದವಳು. ಇಂಗ್ಲಿಷ್ ಬಾರದವರ ಪಟ್ಟಿಯಲ್ಲಿ ಐದನೇ ವರ್ಷ. ಪಟ್ಟಿಯ ಮಕ್ಕಳಿಗೆ ದಿನಕ್ಕೊಂದು ಗಂಟೆ ಬೇರೆ ಪಾಠವಿರಬೇಕು. ಪಾಠವಿತ್ತು, ಪಾಠ ಹೇಳುವವರು ಇರಲಿಲ್ಲ. ಆ ಟೀಚರು ಬಿಟ್ಟುಹೋಗಿ ಎರಡು ವರ್ಷವಾಗಿತ್ತು. ಅವರ ಬದಲು ಹಿಂದಿನ ಬೆಂಚಿನಲ್ಲಿ ಕೂರಿಸಿ ಕೈಗೊಂದು ಟ್ಯಾಬ್ಲೆಟ್ ಕೊಡುತ್ತಿದ್ದರು. ಅದರೊಳಗೊಂದು ಹಸಿರು ಗಿಳಿ. ಗಿಳಿ ಒಂದೊಂದೇ ಚಿತ್ರ ತೋರಿಸಿ ಹೆಸರು ಹೇಳಿಸುತ್ತಿತ್ತು. ಮೊದಲನೆಯ ಚಿತ್ರ ಸ್ಟ್ರಾಬೆರಿ. ಸರಿಯಾಗಿ ಹೇಳಿದರೆ ಗಿಳಿ ರೆಕ್ಕೆ ಬಡಿದು ಭಲೇ ಎನ್ನುತ್ತಿತ್ತು. ಎರಡು ವರ್ಷದಿಂದ ಅದು ಯಾರೆಲಿಗೆ ಭಲೇ ಎನ್ನುತ್ತಲೇ ಇತ್ತು.

ಗಿಳಿ ಅರ್ಧ ಭಲೇ ಅಂದಿರುವಾಗಲೇ ಲಿಲ್ಯಾನಾ ಬಾಗಿಲಲ್ಲಿ ಬಂದು ಬೆರಳು ಆಡಿಸುತ್ತಿದ್ದಳು. ಯಾರೆಲಿ ಎದ್ದು ಹೋಗಬೇಕು. ಸ್ಪ್ಯಾನಿಷ್ ಸರಿಯಾಗಿ ಬಾರದ ಮಿಸ್ತೆಕೊ ತಾಯಂದಿರು ಬಂದಾಗ ಈ ಕಡೆಯ ಮಾತು ಆ ಕಡೆಗೆ, ಆ ಕಡೆಯದು ಈ ಕಡೆಗೆ ದಾಟಿಸುವುದು ಅವಳ ಕೆಲಸ. ಹೇನು, ಹಲ್ಲು, ಜ್ವರ, ಒದ್ದೆಯಾದ ಚಡ್ಡಿ, ಕಳೆದುಹೋದ ಕೋಟು. ಗಣಿತದ ಪಾಠ ಹೋಗುತ್ತಿತ್ತು, ಓದಿನ ಪಾಠ ಹೋಗುತ್ತಿತ್ತು. ಸಹಾಯ ಮಾಡುವ ಮಗು ಎಂದು ಮಿಸೆಸ್ ವಿಟ್ಲಾಕ್ ಅವಳ ಅಂಗಿಗೊಂದು ನಕ್ಷತ್ರ ಅಂಟಿಸಿದ್ದಳು. ಒತೀಲಿಯಾ ಆ ನಕ್ಷತ್ರವನ್ನು ಕಿತ್ತು ಗೋಡೆಗೆ ಹಚ್ಚಿದ್ದಳು. ಮಗಳು ದೊಡ್ಡವರ ನಡುವೆ ನಿಂತು ಮಾತಾಡುತ್ತಾಳೆ ಎಂದು ಅವಳಿಗೆ ಹೆಮ್ಮೆಯಿತ್ತು. ಅದು ಅವಳ ತಪ್ಪು. ಆಮೇಲೆ ಅವಳೇ ಅದನ್ನು ಒಪ್ಪಿದಳು.

ಮೇ ತಿಂಗಳ ಒಂದು ಸಂಜೆ ಯಾರೆಲಿ ಊಟ ಮಾಡಲಿಲ್ಲ. ತಟ್ಟೆಯಲ್ಲಿ ಅವರೆ, ಬಿಸಿ ಟೋರ್ಟಿಯಾ ರೊಟ್ಟಿ, ಅವಳಿಗೆ ಇಷ್ಟದ ಹಸಿಮೆಣಸಿನ ಗೊಜ್ಜು. ಮುಟ್ಟಲಿಲ್ಲ. ಒತೀಲಿಯಾ ಮೊದಲು ಛೇಡಿಸಿದಳು, ಗಿಳಿ ಜೊತೆ ಜಗಳ ಆಯಿತಾ ಎಂದಳು. ಹುಡುಗಿ ನಗಲಿಲ್ಲ. ತುಂಬ ಹೊತ್ತಿನ ಮೇಲೆ ಹೇಳಿದಳು. ಅವತ್ತು ಶಾಲೆಯ ನರ್ಸಮ್ಮ ಕರೆಸಿದ್ದಳು. ಕೊನೇ ಬೀದಿಯ ಎದೆಲ್ಮೀರಾಳ ಮಗುವಿನ ಎದೆ ಪರೀಕ್ಷೆಯಾಗಿತ್ತು. ನರ್ಸಮ್ಮ ಏನೋ ಅಂದಳು. ಆ ಇಂಗ್ಲಿಷ್ ಶಬ್ದ ಯಾರೆಲಿ ಕೇಳಿರಲಿಲ್ಲ. ಮಳೆಯ ಮಾತಿನಲ್ಲಿ ಅದಕ್ಕೇನೆನ್ನಬೇಕೋ ಅದೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ಅಂಗಿಯ ಮೇಲೆ ಹೊಸ ನಕ್ಷತ್ರವಿತ್ತು.

"ಮಗೂ ಹೃದಯ ಒಡೆದಿದೆ ಅಂದ್ಬಿಟ್ಟೆ ಅಮ್ಮ."

ಎದೆಲ್ಮೀರಾ ನೆಲಕ್ಕೆ ಕುಸಿದಳಂತೆ. ಮಗುವನ್ನು ಎದೆಗವಚಿಕೊಂಡು ಮೈಲಿ ದೂರದ ಆಸ್ಪತ್ರೆಗೆ ಓಡಿದಳಂತೆ. ಅಲ್ಲಿ ಡಾಕ್ಟರು ನೋಡಿ, ಎದೆಯಲ್ಲಿ ಸಣ್ಣದೊಂದು ಸದ್ದಿದೆ, ಎಷ್ಟೋ ಮಕ್ಕಳಿಗೆ ಇರುತ್ತದೆ, ಬೆಳೆಯುತ್ತ ಹೋಗುತ್ತದೆ ಎಂದರು. ಮಗು ಚೆನ್ನಾಗಿತ್ತು. ನಾಲ್ಕು ಗಂಟೆ ಹೊತ್ತು ಆ ತಾಯಿ ಸತ್ತು ಬದುಕಿದ್ದಳು. ಯಾರೆಲಿ ಇನ್ನೂ ಸಾಯುತ್ತಿದ್ದಳು.

ಒತೀಲಿಯಾ ಮಗಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಬೆರಳ ಸಂದಿಯಲ್ಲಿ ಹಣ್ಣಿನ ಕೆಂಪು ಹೋಗಿರಲಿಲ್ಲ. ಬ್ಯಾಗಿನಿಂದ ಒಂದು ಕಾಗದ ಇಣುಕುತ್ತಿತ್ತು. ಅದೇನು ಎಂದು ಕೇಳಿದಳು. ಶಾಲೆ ಕೊಟ್ಟದ್ದು ಎಂದು ಯಾರೆಲಿ ಮಲಗಿದ್ದಲ್ಲೇ ಓದಿದಳು. ನಿಮ್ಮ ಮಗಳು ಇಂಗ್ಲಿಷ್ ಪರೀಕ್ಷೆಯಲ್ಲಿ ಸಾಕಷ್ಟು ಅಂಕ ಪಡೆದಿಲ್ಲ, ಇನ್ನೊಂದು ವರ್ಷ ಇದೇ ಪಟ್ಟಿಯಲ್ಲಿರುತ್ತಾಳೆ. ಅದರ ಹಿಂದೆ ಇನ್ನೂ ನಾಲ್ಕು ಹಾಳೆ, ಮುಂದಿನ ಬುಧವಾರದ ಸಭೆಗೆಂದು ಅಧ್ಯಕ್ಷೆಗೆ ಕಳಿಸಿದ್ದು. ಹಿಂದಿನ ಸಭೆಗಳಲ್ಲಿ ಯಾರು ಏನು ಹೇಳಿದರು ಎಂಬ ವರದಿ.

ಓದುತ್ತ ಓದುತ್ತ ಯಾರೆಲಿ ಎದ್ದು ಕೂತಳು.

"ಅಮ್ಮ, ನೀನು ಭಾಷಣ ಮಾಡಿದೀಯ."

"ನಾನಾ?"

"ಇಲ್ಲಿದೆ ನೋಡು. ಮಕ್ಕಳು ಇಂಗ್ಲಿಷ್ ಓದೋದು ರೂಢಿ ಮಾಡ್ಕೊಳ್ಳೋಕೆ ಶಾಲೆ ಮುಂದೆ ಒಂದು ಓಡೋ ಅಕ್ಷರದ ಫಲಕ ಬೇಕು ಅಂತ ಅಧ್ಯಕ್ಷೆ ಕೇಳ್ಕೊಂಡ್ರು. ಟೀಚರ್ ಬದಲು ಟ್ಯಾಬ್ಲೆಟ್ ಕೊಟ್ಟಿದ್ದು ಬಹಳ ಒಳ್ಳೇದಾಯ್ತು ಅಂತ ಸಂತೋಷಪಟ್ರು."

ಕೆಳಗೆ ಸಹಿಯಿತ್ತು. ಬಾಲವಿತ್ತು. ಚೆಂದವಾಗಿಯೇ ಇತ್ತು.

ಮರುದಿನ ಸಾಲಿನಲ್ಲಿ ಬಗ್ಗಿಕೊಂಡೇ ಒತೀಲಿಯಾ ಎಲ್ಲವನ್ನೂ ಕ್ರಿಸಾಂತಾಳಿಗೆ ಹೇಳಿದಳು. ಕ್ರಿಸಾಂತಾ ಕೈಯಲ್ಲಿದ್ದ ಪೆಟ್ಟಿಗೆ ತುಂಬಿಸಿದಳು. ಆಮೇಲೆ, ಊದಿದ ಬಾಯಲ್ಲೇ ನೀನು ಇಷ್ಟು ಮಾತಾಡಿದವಳು, ಇನ್ನು ವಾಸಿಯಾದ ಬಾಯಲ್ಲಿ ಏನೇನು ಆಡುತ್ತೀಯೋ ಎಂದಳು. ಬುಧವಾರ ತಾನೂ ಬರುತ್ತೇನೆ ಎಂದಳು. ಅರ್ಧ ದಿನ ಹೋಗುತ್ತದೆ ಎಂದದ್ದಕ್ಕೆ, ತನ್ನ ಮೊಮ್ಮಗಳೂ ಆ ಗಿಳಿಯ ಶಿಷ್ಯೆಯೇ ಎಂದಳು.

ಬುಧವಾರ ಇಬ್ಬರೂ ಹೊಲದಿಂದ ನೆಟ್ಟಗೆ ಹೋದರು. ಬೂಟಿನ ಕೆಸರು ಗ್ರಂಥಾಲಯದ ರತ್ನಗಂಬಳಿಯ ಮೇಲೆ ಬಿತ್ತು. ಲಿಲ್ಯಾನಾ ಕೆಸರನ್ನು ನೋಡಿ ಮುಖ ನೋಡಿದಳು. ಅವತ್ತು ಮೇಲಿನ ಶಿಕ್ಷಣ ಕಚೇರಿಯಿಂದ ಒಬ್ಬ ಅಧಿಕಾರಿ ಬಂದಿದ್ದ. ಮಿಸ್ಟರ್ ಆಸ್ಟ್ರಾಂಡರ್. ಬೋಳುತಲೆ, ಕೊರಳಲ್ಲಿ ಗುರುತಿನ ಚೀಟಿ. ಕ್ರಿಸಾಂತಾ ಅವನ ಬೂಟು ನೋಡಿ, ಇವನು ಕೆಟ್ಟವನಲ್ಲ, ಆತುರದವನು ಎಂದು ಪಿಸುಗುಟ್ಟಿದಳು. ಮುಂದಿನ ವರ್ಷದ ಯೋಜನೆಗೆ ಅಧ್ಯಕ್ಷೆಯ ಸಹಿ ಬೇಕಿತ್ತು. ಅದಿಲ್ಲದೆ ಕಡತ ಮುಂದೆ ಹೋಗದು.

ಮಿಸೆಸ್ ವಿಟ್ಲಾಕ್ ಹತ್ತು ನಿಮಿಷ ಮಾತಾಡಿದಳು. ಲಿಲ್ಯಾನಾ ಹೇಳಿದಳು: "ಎಲ್ಲ ಚೆನ್ನಾಗಿದೆ. ಇಲ್ಲಿ."

ಒತೀಲಿಯಾ ಪೆನ್ನು ತೆಗೆದುಕೊಂಡಳು. ಮುಚ್ಚಳ ಹಾಕಿದಳು. ಮೇಜಿನ ಮೇಲೆ ಇಟ್ಟಳು.

"ಹಾಕಲ್ಲ," ಎಂದಳು.

ಲಿಲ್ಯಾನಾ ನಕ್ಕಳು. ಪೆನ್ನು ಬರೆಯುತ್ತಿಲ್ಲವೇನೋ ಎಂದು ಬೇರೊಂದು ಕೊಟ್ಟಳು. ಒತೀಲಿಯಾ ಅದನ್ನೂ ಮುಚ್ಚಿ ಮೊದಲನೆಯದರ ಪಕ್ಕದಲ್ಲಿಟ್ಟಳು. ಆಮೇಲೆ ಮಳೆಯ ಮಾತಿನಲ್ಲಿ ಶುರುಮಾಡಿದಳು. ಮಳೆಯ ಮಾತಿಗೆ ಏರಿಳಿತ ಜಾಸ್ತಿ. ಒಂದೇ ಶಬ್ದ ಏರಿದರೆ ಒಂದು, ಇಳಿದರೆ ಇನ್ನೊಂದು. ವರ್ಷವಿಡೀ ಬಾಯಿ ಮುಚ್ಚಿ ಕೂತವಳು ಏರಿಳಿತ ಒಂದನ್ನೂ ಬಿಡದೆ ಮಾತಾಡಿದಳು. ಕೋಣೆಯಲ್ಲಿ ಅದು ಅರ್ಥವಾದದ್ದು ಕ್ರಿಸಾಂತಾಳೊಬ್ಬಳಿಗೇ. ಅವಳು ಚೆನ್ನಾಗಿ ತಲೆದೂಗಿದಳು.

ಮಿಸ್ಟರ್ ಆಸ್ಟ್ರಾಂಡರ್ ಏನಂತೆ ಎಂದು ಕೇಳಿದ. ಲಿಲ್ಯಾನಾ ತನಗೆ ಈ ಮಾತು ಬಾರದು ಎಂದಳು. ಮನೆಯ ಭಾಷೆ ಸ್ಪ್ಯಾನಿಷ್ ಎಂದಿದೆಯಲ್ಲ ಎಂದು ಅವನು ಕಾಗದ ತಿರುವಿದ. ಫೋನಿನಲ್ಲಿ ದುಭಾಷಿಯನ್ನು ಹುಡುಕಿದರು. ಅರ್ಧ ಗಂಟೆಯ ಮೇಲೆ ಒಬ್ಬ ಮಿಸ್ತೆಕೊ ಸಿಕ್ಕಿದ, ಆದರೆ ಅವನ ಬೆಟ್ಟ ಬೇರೆ, ಇವಳ ಬೆಟ್ಟ ಬೇರೆ. ಅವಳು ಮಗಳು ಎಂದದ್ದು ಅವನಿಗೆ ಕುಂಬಳಕಾಯಿ ಎಂದು ಕೇಳಿಸಿತೋ ಏನೋ, ಈ ಅಮ್ಮ ತರಕಾರಿಯ ಬಗ್ಗೆ ದೂರು ಕೊಡುತ್ತಿದ್ದಾರೆ ಎಂದ. ಕ್ರಿಸಾಂತಾ ಬಾಯಿಗೆ ಸೆರಗಿನಂತೆ ಮುಖಬಟ್ಟೆ ಒತ್ತಿಕೊಂಡಳು.

"ಇಷ್ಟೆಲ್ಲಾ ಯಾಕೆ? ಯಾರೆಲೀನ ಕರ್ಕೊಂಡ್ ಬರ್ತೀನಿ," ಎಂದು ಲಿಲ್ಯಾನಾ ಬಾಗಿಲ ಕಡೆ ನಡೆದಳು.

ಒತೀಲಿಯಾ ಅವಳಿಗಿಂತ ಮೊದಲು ಬಾಗಿಲಲ್ಲಿದ್ದಳು. ಪೆಟ್ಟಿಗೆ ಹೊತ್ತು ಓಡಿದ ಕಾಲು. ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಲಿಲ್ಯಾನಾ ಒಂದು ಗೇಣು ಎತ್ತರವಿದ್ದಳು, ಆದರೆ ಬಾಗಿಲು ಒಳಕ್ಕೆ ತೆರೆಯುವಂಥದ್ದು.

"ಅವಳು ಕ್ಲಾಸಲ್ಲಿದಾಳೆ," ಎಂದಳು ಒತೀಲಿಯಾ.

ಇದನ್ನು ಸ್ಪ್ಯಾನಿಷಿನಲ್ಲಿ ಹೇಳಿದಳು. ಅವಳದು ಹೊಲದ ಸ್ಪ್ಯಾನಿಷ್. ಪೆಟ್ಟಿಗೆ, ಸಾಲು, ಬೇಗ, ನೀರು, ನಾಳೆಯಿಂದ ಬರಬೇಡ, ಇಷ್ಟು ಸಲೀಸು. ಉಳಿದದ್ದಕ್ಕೆ ಶಬ್ದ ಹೆಕ್ಕಿ ಹೆಕ್ಕಿ ಜೋಡಿಸಬೇಕು. ಜೋಡಿಸಿದಳು. ಯಾರೂ ಅವಸರ ಮಾಡುವ ಹಾಗಿರಲಿಲ್ಲ, ಹೊರಗೆ ಹೋಗುವ ದಾರಿ ಅವಳ ಬೆನ್ನ ಹಿಂದಿತ್ತು.

"ನನ್ ಮಗಳಿಗೆ ಇಂಗ್ಲಿಷ್ ಬರತ್ತಾ, ಬರಲ್ವಾ? ಬರತ್ತೆ ಅಂದ್ರೆ ಪಟ್ಟಿಯಿಂದ ತೆಗೀರಿ. ಬರಲ್ಲ ಅಂದ್ರೆ ನರ್ಸಮ್ಮನ ಮಾತು ಅವಳ ಬಾಯಲ್ಲಿ ಯಾಕೆ ಆಡಿಸ್ತೀರಿ? ದುಡ್ಡು ತರೋವಾಗ ಅವಳಿಗೆ ಬರಲ್ಲ. ಕೆಲಸ ಮಾಡೋವಾಗ ಬರತ್ತೆ. ಎರಡರಲ್ಲಿ ಒಂದು ಹೇಳಿ."

ಅಷ್ಟು ಹೇಳಿ ಲಿಲ್ಯಾನಾಳ ಮುಖ ನೋಡಿದಳು.

"ಎಲ್ಲ ಚೆನ್ನಾಗಿದೆ ಅಂತ ಹೇಳ್ಬೇಡ ಲಿಲ್ಯಾನಾ. ನಾನ್ ಹೇಳಿದ್ದು ಹೇಳು."

ಲಿಲ್ಯಾನಾ ಕೊರಳಿನ ಸರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು. ಉದ್ದಕ್ಕೆ ಹೇಳಿದಳು. ಒತೀಲಿಯಾ ಎಷ್ಟು ಹೊತ್ತು ಮಾತಾಡಿದ್ದಳೋ ಅಷ್ಟೇ ಹೊತ್ತು. ಮಿಸೆಸ್ ವಿಟ್ಲಾಕಳ ಮುಖದಲ್ಲಿ ನಗು ಇತ್ತು. ತೆಗೆದಿಡಲು ಜಾಗ ಸಿಗದೆ ಅಲ್ಲೇ ಉಳಿದಿತ್ತು. ಮಿಸ್ಟರ್ ಆಸ್ಟ್ರಾಂಡರ್ ಕನ್ನಡಕ ತೆಗೆದು ಒರೆಸಿದ. ಸಭೆಯನ್ನು ಮುಂದೂಡಲಾಗಿದೆ ಎಂದ.

ಸಾಲಿಗೆ ಮರಳಿದಾಗ ಮೇಸ್ತ್ರಿ ಇಬ್ಬರಿಗೂ ಎರಡು ದಿನ ಬರಬೇಡಿ ಎಂದ. ಕ್ರಿಸಾಂತಾ ಮನೆಗೆ ಹೋಗಿ ಎರಡು ದಿನ ಅಂಗಾತ ಮಲಗಿದಳು. ಆಕಾಶ ಇನ್ನೂ ಇದೆ ಎಂದು ಬಂದವರಿಗೆಲ್ಲ ಹೇಳಿದಳು. ಒತೀಲಿಯಾಳಿಗೆ ನಗು ಬರಲಿಲ್ಲ. ಆ ವಾರ ಬಾಡಿಗೆಗೆ ಕಡಿಮೆ ಬಿದ್ದು ಎದೆಲ್ಮೀರಾಳ ಗಂಡನನ್ನು ಕೇಳಿ ಸಾಲ ತರಬೇಕಾಯಿತು. ಎದೆಲ್ಮೀರಾ ಯಾರೆಲಿಯ ಕೆನ್ನೆ ಹಿಡಿದು, ನನ್ನ ಹೃದಯ ಸರಿಯಾಗಿದೆ ಕಣೇ, ನೀನೂ ಉಣ್ಣು ಎಂದಳು.

ಮುಂದಿನ ಸಭೆಯನ್ನು ಭಾನುವಾರ ಕರೆದರು. ಚರ್ಚಿನ ಪೂಜೆ ಮುಗಿಸಿ, ಮಕ್ಕಳನ್ನು ಎತ್ತಿಕೊಂಡು, ಮೂವತ್ತೆಂಟು ಜನ ಬಂದರು. ಗ್ರಂಥಾಲಯದಲ್ಲಿ ಸಣ್ಣ ಮಕ್ಕಳ ಕುರ್ಚಿಗಳೇ ಇದ್ದವು. ಗಂಡಸರು ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತರು. ಪಕ್ಕದ ಪಟ್ಟಣದಿಂದ ಆರ್ಕಾದಿಯಾ ಎಂಬ ದುಭಾಷಿಯನ್ನು ಕರೆಸಿದ್ದರು. ಒತೀಲಿಯಾಳ ಬೆಟ್ಟದ ಆಚೆ ಮಗ್ಗುಲಿನವಳು. ಅವಳು ಮಳೆಯ ಮಾತಿನಲ್ಲಿ ನಮಸ್ಕಾರ ಹೇಳಿದಾಗ ಶಾಲೆಯ ಗೋಡೆಗಳ ನಡುವೆ ಆ ಮಾತು ಕೇಳಿ ಕೆಲವರು ಬೆಚ್ಚಿದರು, ಕೆಲವರು ಸುಮ್ಮನೆ ಕಣ್ಣೊರೆಸಿಕೊಂಡರು.

ಅಧ್ಯಕ್ಷೆ ಏನು ಹೇಳಬಯಸುತ್ತಾರೆ ಎಂದು ಮಿಸ್ಟರ್ ಆಸ್ಟ್ರಾಂಡರ್ ಕೇಳಿದ.

"ಮೊದಲು, ಹಿಂದಿನ ಸಭೆಗಳಲ್ಲಿ ನಾನು ಏನೇನು ಹೇಳಿದೀನೋ ಅದನ್ನ ಪೂರ್ತಿ ಓದಿ," ಎಂದಳು ಒತೀಲಿಯಾ. "ನಂಗೂ ಕೇಳ್ಕೋಬೇಕು ಅಂತ ಆಸೆ."

ಓದಲೇಬೇಕಾಯಿತು. ಒಂದೊಂದು ವಾಕ್ಯ ಇಂಗ್ಲಿಷಿನಲ್ಲಿ, ಆಮೇಲೆ ಮಳೆಯ ಮಾತಿನಲ್ಲಿ. ಓಡುವ ಅಕ್ಷರದ ಫಲಕಕ್ಕೆ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಟ್ಯಾಬ್ಲೆಟ್ಟಿನ ಸಂತೋಷಕ್ಕೆ ಬಂದಾಗ ಯಾರೂ ನಗಲಿಲ್ಲ. ಎದೆಲ್ಮೀರಾ ಎದ್ದು ನಿಂತು ತನ್ನ ನಾಲ್ಕು ಗಂಟೆಯ ಕಥೆ ಹೇಳಿದಳು. ನರ್ಸಮ್ಮ ತಲೆ ತಗ್ಗಿಸಿದಳು. ಆಮೇಲೆ ಒಬ್ಬೊಬ್ಬರಾಗಿ ಎದ್ದರು. ಎರಡು ಗಂಟೆ ಬೇಕಾಯಿತು.

ಆದದ್ದು ಇಷ್ಟು. ಫಲಕ ಅಲ್ಲೇ ಇದೆ, ಓಡುತ್ತಲೇ ಇದೆ. ಮನೆಯ ಭಾಷೆಯ ಪಟ್ಟಿಗೆ ಮಿಸ್ತೆಕೊ ಸೇರಿತು, ಅಕ್ಷರ ತಪ್ಪಾಗಿ. ಪಾಠ ಹೇಳುವ ಟೀಚರನ್ನು ಹುಡುಕುತ್ತಿದ್ದೇವೆ ಎಂದರು, ಇನ್ನೂ ಹುಡುಕುತ್ತಿದ್ದಾರೆ. ಅಲ್ಲಿಯವರೆಗೆ ದಿನಕ್ಕೆ ಮೂರು ಗಂಟೆ ಆರ್ಕಾದಿಯಾ ಬರುತ್ತಾಳೆ, ಒಂದೂವರೆ ಗಂಟೆ ತರಗತಿಗೆ, ಒಂದೂವರೆ ಗಂಟೆ ಕಚೇರಿಗೆ. ಒತೀಲಿಯಾಳ ಅವಧಿ ಮುಗಿಯಿತೆಂದು ತಿಳಿಸಿ, ಅಂಚಿಗೆ ಚಿನ್ನದ ಬಣ್ಣ ಬಳಿದ ಪ್ರಶಸ್ತಿಪತ್ರ ಕೊಟ್ಟರು. ಕೆಲಸದಿಂದ ತೆಗೆಯುವಾಗ ಕಾಗದ ಕೊಡುವ ಜಾಗವನ್ನು ತಾನು ಮೊದಲ ಸಲ ನೋಡುತ್ತಿದ್ದೇನೆ ಎಂದಳು ಕ್ರಿಸಾಂತಾ.

ಇನ್ನೊಂದು ಸಂಗತಿ ಒತೀಲಿಯಾಳ ಕಣ್ಣೆದುರು ನಡೆದದ್ದಲ್ಲ. ಆ ಹೊತ್ತಿಗೆ ತರಗತಿಯಲ್ಲಿದ್ದ ಆರ್ಕಾದಿಯಾ ಸಂಜೆ ಮನೆಗೆ ಬಂದು ಹೇಳಿದಳು. ಯಾರೆಲಿ ಮುಂದಿನ ಬೆಂಚಿನಲ್ಲಿ ಕೂತು ನದಿಗಳ ಬಗ್ಗೆ ಒಂದು ಪಾಠ ಗಟ್ಟಿಯಾಗಿ ಓದುತ್ತಿದ್ದಳಂತೆ. ಬಾಗಿಲಲ್ಲಿ ಲಿಲ್ಯಾನಾ ಕಾಣಿಸಿಕೊಂಡಳು. ಹಳೇ ಅಭ್ಯಾಸ, ಬೆರಳು ಆಡಿಸಿದಳು. ಯಾರೆಲಿ ಓದುವುದನ್ನು ನಿಲ್ಲಿಸಿದಳು. ಇಡೀ ತರಗತಿ ತಿರುಗಿ ನೋಡಿತು. ಹುಡುಗಿ ಎದ್ದು ನಿಂತಳು. ಹೋಗುತ್ತಾಳೆ ಎಂದೇ ಆರ್ಕಾದಿಯಾ ಅಂದುಕೊಂಡಳು.

"ನಾನು ಬರಲ್ಲ. ನಾನು ಕಲೀತಾ ಇದೀನಿ," ಎಂದು ಇಂಗ್ಲಿಷಿನಲ್ಲಿ ಹೇಳಿ ಯಾರೆಲಿ ಕೂತಳು.

ಆ ಎರಡು ವಾಕ್ಯದಲ್ಲಿ ವ್ಯಾಕರಣದ ತಪ್ಪೊಂದಿತ್ತಂತೆ. ಯಾರೂ ತಿದ್ದಲಿಲ್ಲ.